ನೀರು ಬೆರೆಸಿದ ಪುಸ್ತಕ

ಫೆಬ್ರವರಿ ೧೨, ಬೆಳಿಗ್ಗೆ

ಅಮ್ಮಾ,

ಕ್ಷೇಮ ಕೇಳುವಷ್ಟು ಸಮಾಧಾನ ನನಗಿನ್ನೂ ಬಂದಿಲ್ಲ. ಮೊದಲು ಸಿಟ್ಟು ಮುಗಿಯಲಿ.

ನಿನ್ನೆ ನನ್ನ ಪುಸ್ತಕದ ಬಿಡುಗಡೆಗೆ ನಿನ್ನನ್ನು ಕರೆದದ್ದು ಮಗಳೆಂಬ ಸಲಿಗೆಯಿಂದಲ್ಲ. ಆ ಅಮೆರಿಕದ ವಿಮರ್ಶಕನನ್ನು ಕಾಲೇಜಿನಲ್ಲಿ ಜೀವಮಾನವಿಡೀ ಪಾಠ ಮಾಡಿದವಳು ನೀನು. ಅವನನ್ನು ಹೊಸ ಓದುಗರಿಗೆ ಪರಿಚಯಿಸುವ ಪುಸ್ತಕ ನನ್ನದು. ನಿನಗಿಂತ ತಕ್ಕವರು ಯಾರಿದ್ದರು? ನೀನೋ ಮೈಕ್ ಹಿಡಿದು, "ಇದು ನೀರು ಬೆರೆಸಿದ ಪುಸ್ತಕ. ಅವನನ್ನ ಓದೋಕೆ ಯೋಗ್ಯತೆ ಬೇಕು" ಎಂದುಬಿಟ್ಟೆ.

ಮುಂದಿನ ಸಾಲಿನಲ್ಲಿ ಒಬ್ಬ ನರ್ಸ್ ಇದ್ದರು, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದವರು. ಆಗಷ್ಟೇ ಕೊಂಡಿದ್ದ ಪ್ರತಿಯನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು ಹೊರಟರು. ಮೆಟ್ಟಿಲವರೆಗೂ ಹಿಂದೆ ಓಡಿದೆ.

"ಬೇಡ ಮೇಡಂ. ನಮ್ಮಂಥವರಿಗಲ್ಲ ಅಂತ ದೊಡ್ಡವರೇ ಹೇಳಿದ್ರಲ್ಲ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು.

ಅದ್ಯಾವ ನೀರು, ಅಮ್ಮಾ? ಚಿಕ್ಕವಳಿದ್ದಾಗ ನನ್ನ ಜಡೆ ಹೆಣೆಯುತ್ತ ಆ ವಿಮರ್ಶಕನ ವಿಚಾರವನ್ನು ನೀನೇ ಹೀಗೆ ಹೇಳುತ್ತಿದ್ದೆ: "ಕವಿ ಅನ್ನೋನು ತನಗೆ ತುಂಬಾ ಇಷ್ಟವಾದ ಹಳೇ ಕವಿ ಜೊತೆಗೇ ಜಗಳಕ್ಕೆ ನಿಲ್ತಾನೆ ಕಣೇ. ಇಲ್ದಿದ್ರೆ ಸಾಯೋವರೆಗೂ ಅವನ ದನಿಯಲ್ಲೇ ಹಾಡ್ಬೇಕಾಗುತ್ತೆ." ಆ ವಯಸ್ಸಿಗೇ ಅದು ನನಗೆ ಅರ್ಥವಾಗಿತ್ತು. ಪುಸ್ತಕದಲ್ಲಿ ಬರೆದದ್ದೂ ಅದನ್ನೇ. ಅದೇ ವಿಚಾರ ನಿನ್ನ ತರಗತಿಗೆ ಬಂದರೆ ಕಬ್ಬಿಣದ ಕಡಲೆ! ಹಿಂದಿನ ಬೆಂಚಿನಲ್ಲಿ ಕೂತು ತಲೆ ಕೆರೆದುಕೊಂಡವಳು ನಾನೇ ತಾನೆ? ಮಗಳಿಗೊಂದು ಭಾಷೆ, ಲೋಕಕ್ಕೊಂದು ಭಾಷೆ. ಎಲ್ಲರಿಗೂ ತಿಳಿದುಬಿಟ್ಟರೆ ನಿನ್ನ ಕುರ್ಚಿ ಅಲುಗಾಡುತ್ತದೆಂಬ ಭಯವೇ?

ಇವತ್ತು ಆಸ್ಪತ್ರೆ ಹುಡುಕಿಕೊಂಡು ಹೋಗಿ ಆ ನರ್ಸ್‌ಗೆ ಪುಸ್ತಕ ಕೊಟ್ಟು ಬರುತ್ತೇನೆ. ಒಂದು ಅಧ್ಯಾಯ ಓದಿ ನೋಡಿ, ಬೇಡವಾದರೆ ಬಿಸಾಡಿ ಎನ್ನುತ್ತೇನೆ. ನಿನ್ನ ಅಭಿಪ್ರಾಯ ಇನ್ನು ನನಗೆ ಬೇಡ. ಫೋನ್ ಮಾಡಬೇಡ, ಎತ್ತುವುದಿಲ್ಲ.

ನಿನ್ನ ಮೇಲೆ ಕೆಂಡ ಕಾರುತ್ತಿರುವ, ನೀನೇ ಅಡ್ಡಹೆಸರಿಟ್ಟ
ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಚಿಕ್ಕಮ್ಮನ ಫೋನ್ ಬಂತು. ಎಷ್ಟೋ ತಿಂಗಳಿಂದ ನಿನಗೆ ಅಕ್ಷರವೇ ಕಾಣುತ್ತಿಲ್ಲವಂತೆ. ಯಾರಿಗೂ ಹೇಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆಯಂತೆ. ಅಂದರೆ ಓದದೆಯೇ ಬೈದೆ! ನನ್ನ ಸಿಟ್ಟು ಇಮ್ಮಡಿಯಾಗಿದೆ. ಈ ಪತ್ರವನ್ನು ಚಿಕ್ಕಮ್ಮನೇ ಓದಿ ಹೇಳುತ್ತಾಳೆ. ಒಂದು ಬೈಗುಳವನ್ನೂ ಬಿಡಬಾರದೆಂದು ತಾಕೀತು ಮಾಡಿದ್ದೇನೆ. ಭಾನುವಾರ ಬರುತ್ತೇನೆ. ಇಡೀ ಪುಸ್ತಕವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ, ನೀನು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ಕೇಳು. ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಅದಕ್ಕೆ ನಿನ್ನ ಒಪ್ಪಿಗೆ ಕೇಳಿಲ್ಲ.