ಜೇನುಗುಡ್ಡದ ಕರಿ ಚುಕ್ಕಿ

ಹಿಟ್ನಾಳ
೧೨ ಮೇ ೧೯೮೩

ಮಗಳು ಕಸ್ತೂರೆಮ್ಮಗ,

ನಿಮ್ಮತ್ತಿ ಮುದಕಮ್ಮನ ಆಶೀರ್ವಾದ. ಸೊಸಿ ಅಂತ ಬರಿಯಾಕ ಕೈ ಬರಲಿಲ್ಲ, ಅದಕ್ಕ ಮಗಳು ಅಂತನ ಬರದೀನಿ. ಇಲ್ಲಿ ನಾವೆಲ್ಲ ಛಲೋ ಅದೀವಿ ಅಂತ ಬರಿಬೇಕು, ಆದ್ರ ಈ ಬಿಸಲಾಗ ಯಾರೂ ಅಷ್ಟೇನು ಛಲೋ ಇಲ್ಲ. ನಾಕು ಸಾಲು ಬರದ್ರ ಕೈ ಸೋಲತೈತಿ, ಒಂದಿಷ್ಟು ಅಡ್ಡಾಗಿ ಮತ್ತ ಬರಿತೀನಿ. ಅಕ್ಷರ ಸೊಟ್ಟ ಆಗ್ಯಾವ. ನಿಮ್ಮ ಮಾವ ಇದ್ದಿದ್ರ, ಸಾಲಿ ಹುಡುಗರಿಗೆ ಬೈದಂಗ ನನಗೂ ಬೈತಿದ್ರು.

ನಿನ್ನ ಪತ್ರ ಮುಟ್ಟಿತು. ಉಪಗ್ರಹ ಮ್ಯಾಲಿಂದ ಜೇನುಗುಡ್ಡದ ಹೊಸ ಚಿತ್ರ ತಗದೈತಿ, ಅದು ನಿನ್ನ ಮೇಜಿಗೇ ಬಂತು ಅಂತ ಬರದಿದ್ದಿ. ಗುಡ್ಡದ ನೆತ್ತಿ ಮ್ಯಾಲಿನ ಕರಿ ಚುಕ್ಕಿ ಅದರಾಗೂ ಹಂಗೇ ಐತಿ, ನೀರೋ ನೆರಳೋ ಇನ್ನೂ ಯಾರಿಗೂ ತಿಳಿದಿಲ್ಲ, ನಕಾಶದಾಗ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟಾರ ಅಂದಿ. ಅದರ ಸುತ್ತ ಗೆರಿ ಎಳಿಯಾಕ ಕುಂತು ಅರ್ಧಕ್ಕ ಬಿಟ್ಟು, ಹೊಟ್ಟಿನೋವು ಅಂತ ಹೇಳಿ ರೂಮಿಗೆ ಬಂದೆ ಅಂದಿ.

ನನ್ನ ಮಗ ಬಾಲಪ್ಪ ಕಚೇರಿಯಿಂದ ಮೊದಲನೇ ಸಲ ಅಂಥಾ ಚಿತ್ರ ಮನಿಗೆ ತಂದಾಗ ನೀನೂ ಇದ್ದಿ, ಚಹಾ ಸೋಸಾಕತ್ತಿದ್ದಿ. ಪಡಸಾಲ್ಯಾಗ ಹಾಸಿ, ಗಾಳಿಗೆ ಹಾರಬಾರದು ಅಂತ ಮೂಲಿಗೆ ಸೇರು, ಪಾವು, ತಂಬಿಗಿ ಇಟ್ಟ. ಇಂಥಾ ಚಿತ್ರದಾಗ ಹಸರು ಬೆಳಿ ಕೆಂಪಗ ಕಾಣತೈತಿ, ಇದು ಶ್ರೀರಾಮನಗರದ ಕಾಲುವಿ ನೆಲ್ಲು ಅಂದ. ಗುಡ್ಡ ಎಲ್ಲಾ ಬೂದಿ ಚೆಲ್ಲಿದಂಗ ಇದ್ವು. ನಮ್ಮ ಮನಿ ಎಲ್ಲೈತೋ ಅಂದೆ. ನಕ್ಕ. "ಯವ್ವಾ, ಇಡೀ ಹಿಟ್ನಾಳ ಸೇರಿದ್ರೂ ಇದರಾಗ ಒಂದು ಜ್ವಾಳದ ಕಾಳಿನಷ್ಟು ಆಗೂದಿಲ್ಲ." ಹಂಗಿದ್ರ ಇದು ಯಾರ ಚಿತ್ರೋ ಅಂದೆ. "ಗುಡ್ಡದ್ದು. ಮಂದಿದಲ್ಲ" ಅಂದ.

ಆ ಕರಿ ಚುಕ್ಕಿ ನೀರಾಗಿದ್ರ, ಬ್ಯಾಸಿಗ್ಯಾಗೂ ಬತ್ತದ ಹೊಂಡ ಗುಡ್ಡದ ಮ್ಯಾಲೈತಿ ಅಂತಾತು, ಕೆಳಗಿನ ಹಳ್ಳಿಗೆ ನಳ ಇಳಸಬಹುದು ಅಂತಿದ್ದ. ಅದನ್ನ ಕಣ್ಣಾರೆ ನೋಡಾಕಂತ ಎರಡು ವರ್ಷದ ಹಿಂದ ಕಚೇರಿ ಜೀಪಿನಾಗ ಬಂದ. ಮಧ್ಯಾಹ್ನ ಊಟಕ್ಕ ಮನಿಗೇ ಬರ್ತೀನಿ ಅಂದಿದ್ದ. ಅರ್ಧ ಗುಡ್ಡಕ್ಕ ಹೆಜ್ಜೇನು ಎದ್ವು, ಓಡಾಕ ಹೋಗಿ ಕಲ್ಲಿನ ಮ್ಯಾಲಿಂದ ಬಿದ್ದ. ಗಂಗಾವತಿ ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಟ. ಉಳಿದದ್ದು ನಿನಗ ನಾ ಬರಿಯೂದೇನೈತಿ.

ನಿನಗ ಗೊತ್ತಿಲ್ಲದ್ದು ಒಂದೈತಿ. ಗಂಡನ ಜಾಗಾದಾಗ ಸರಕಾರ ನಿನಗ ನೌಕರಿ ಕೊಟ್ಟಾಗ, ನಿಮ್ಮ ಮಾವನ ತಮ್ಮ ಮುದಿಯಪ್ಪ, ಹೈದರಾಬಾದು ಗೀದರಾಬಾದು ಬ್ಯಾಡ, ಮೈದುನ ವಿರುಪಣ್ಣನ ಕೂಡ ಉಡಿಕಿ ಮದವಿ ಮಾಡಿಬಿಡೂಣು, ಮನಿ ಹೆಣ್ಣು ಮನ್ಯಾಗ ಉಳಿತಾಳ ಅಂದಿದ್ನಲ್ಲ. ನಾ ಒಪ್ಪಲಿಲ್ಲ, ಅಷ್ಟು ನಿನಗ ಗೊತ್ತು. ನಿನ್ನ ಕೊಪ್ಪಳ ಟೇಸನ್ನಿನಾಗ ಗಾಡಿ ಹತ್ತಿಸಿ ಬರೂದ್ರಾಗ ಮುದಿಯಪ್ಪ ಅಂಗಳದಾಗ ನಿಂತಿದ್ದ. "ಸೊಸೀನ ದುಡಿಯಾಕ ಕಳಿಸಿ ಕುಂತು ಉಣ್ಣಾಕಿ" ಅಂತ ಓಣಿ ಮಂದಿಗೆಲ್ಲ ಕೇಳೂವಂಗ ಅಂದ. ಅವತ್ತಿಂದ ನಮ್ಮ ಮನ್ಯಾಗ ನೀರು ಕುಡದಿಲ್ಲ. ಹೋದ ವರ್ಷ ವಿರುಪಣ್ಣನ ಮದವಿಗೆ ಬಂದು ಅಕ್ಕಿಕಾಳು ಹಾಕಿ, ಉಣ್ಣದ ಎದ್ದು ಹೋದ. ಇಷ್ಟು ದಿನ ನಿನಗ ಬರದಿರಲಿಲ್ಲ. ಈಗ ಯಾಕ ಬರದೀನಿ ಅಂದ್ರ, ಮುಚ್ಚಿಡಾಕೂ ಮೈಯಾಗ ಕಸುವು ಬೇಕು.

ಇನ್ನ ನಾ ಮಾಡಿದ್ದು ಹೇಳ್ತೀನಿ, ಸಿಟ್ಟಾಗಬ್ಯಾಡ. ಜೇನುಗುಡ್ಡದ ನೆತ್ತಿಗೆ ಹೋಗಿ ಬಂದೆ.

ಗುಡ್ಡದ ಬುಡಕ್ಕ ಕುರಿಹಟ್ಟಿ ಹಾಕ್ಕೊಂಡಿರೂ ಮಾರೆವ್ವ ಸಂತಿಗೆ ಬಂದಾಗ ಕೇಳಿದ್ದೆ. ಈ ವರ್ಷ ಜೇನು ಅಲ್ಲಿ ಕಟ್ಟಿಲ್ರೀ ಅವ್ವಾರ ಅಂದ್ಲು. ನೆತ್ತಿ ಮ್ಯಾಲೇನೈತಿ ಅಂದ್ರ, ಕುರಿನೇ ಅಲ್ಲಿತನಕ ಹೋಗೂದಿಲ್ಲ, ನನಗೇನು ಗೊತ್ತು ಅಂದ್ಲು. ವಿರುಪಣ್ಣಗ ಹೇಳಿದ್ರ, "ಒಬ್ಬನ್ನ ಕೊಟ್ಟೀವಿ, ಸಾಲದೇನವ್ವಾ?" ಅಂತ ಕೂಗ್ಯಾಡಿದ. ನಾ ರೊಟ್ಟಿ ಕಟಗೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕುಂತೆ. ಬೈಕೋತನ ನೀರಿನ ಬಿಂದಗಿ ಹೊತ್ತು ಅವನೂ ಬಂದ.

ಏರಾಕ ಭಾಳ ತ್ರಾಸಾತು. ಮಾರೆವ್ವ ಮುಂದ, ನಾ ನಡುವ, ವಿರುಪಣ್ಣ ಹಿಂದ. ಒಂದು ಕಡೆ ಅವ ಇದ್ದಕ್ಕಿದ್ದಂಗ ನನ್ನ ದಾಟಿ, ಮಾರಿ ಆ ಕಡೆ ತಿರುವಿ, ಬಿರಬಿರನ ಮುಂದ ಹೋದ. ಬಾಲಪ್ಪ ಬಿದ್ದ ಜಾಗಾ ಅದೇ ಅಂತ ತಿಳೀತು. ನಾ ನಿಲ್ಲಲಿಲ್ಲ. ಕುಂತಿದ್ರ ಮತ್ತ ಏಳ್ತಿರಲಿಲ್ಲ.

ನೆತ್ತಿ ಮುಟ್ಟಿದ ಮ್ಯಾಲೆ, ಒಂದು ಹೊಲದಷ್ಟು ಅಗಲದ ತಗ್ಗು ಕಂಡಿತು. ಅದರ ಮ್ಯಾಲೆ ಮನಿಗಿಂತ ದೊಡ್ಡ ದೊಡ್ಡ ಕಲ್ಲು ಬಾಗಿ ನಿಂತಾವ. ಒಳಗ ಕರ್ರಗ, ನುಣ್ಣಗ, ಖರೆ ಹೇಳ್ತೀನಿ, ನೀರಿನಂಗನ ಇತ್ತು. ಸೀರಿ ಎತ್ತಿ ಕಟ್ಟಿ ಓಡಿದಂಗ ಹೋದೆ. ಮಾರೆವ್ವ ಒಂದು ಹಳ್ಳು ಒಗದ್ಲು. ಕಲ್ಲಿಗೆ ಕಲ್ಲು ಬಡದು ಟಣ್ ಅಂತು.

ಎಂದೋ ಮಳಿ ನೀರು ಹರದು ಕಟ್ಟಿದ ಕರಿ ಕಲೆ, ಅದರ ಮ್ಯಾಲೆ ಆ ಕಲ್ಲಿನ ನೆರಳು. ಅಷ್ಟೇ ಇತ್ತವ್ವಾ. ಒಂದು ಬೊಗಸಿ ನೀರಿರಲಿಲ್ಲ.

ವಿರುಪಣ್ಣ ತಲಿ ಹಿಡಕೊಂಡು ಕುಂತ. "ನೆರಳಿಗೇನವ್ವಾ ಅಣ್ಣ ಹೋಗಿದ್ದು? ಬರೇ ನೆರಳಿಗೆ?" ಅಂತ ಅತ್ತ. ಮಣ್ಣು ಕೊಟ್ಟ ದಿನಾನೂ ಅವ ಹಂಗ ಅತ್ತಿರಲಿಲ್ಲ. ನನಗ ಅಳು ಬರಲಿಲ್ಲ. ನೀರಡಿಸಿತ್ತು. ಮೂವರೂ ಆ ನೆರಳಾಗ ಕುಂತು ಬಿಂದಗಿ ನೀರು ಕುಡದು ರೊಟ್ಟಿ ತಿಂದ್ವಿ. ಅಲ್ಲಿ ತಂಪಿತ್ತು. ಎರಡು ವರ್ಷ ನಾ ಒಳಗೊಳಗ ಅಲ್ಲಿ ನೀರೈತಿ ಅಂತನ ನಂಬಿದ್ದೆ. ಇದ್ದಿದ್ರ, ನನ್ನ ಮಗ ಊರಿಗೆ ನೀರು ತರಾಕ ಹೋಗಿ ಸತ್ತ ಅಂತ ಮಂದಿ ಮುಂದ ಹೇಳ್ಕೊತಿದ್ದೆ. ಇನ್ನ ಹಂಗ ಹೇಳಾಕ ಬರೂದಿಲ್ಲ. ಹೇಳೂದು ಬ್ಯಾಡ ಬಿಡು.

ಈ ಪತ್ರ ಮುಟ್ಟಿದ ಕೂಡ್ಲೆ ನಿಮ್ಮ ಸಾಹೇಬರ ಹತ್ರ ಹೋಗು. ಮನಿ ಮಂದಿ ಹತ್ತಿ ನೋಡಿ ಬಂದಾರ, ಅದು ನೀರಲ್ಲ ಅನ್ನು. ಪ್ರಶ್ನೆ ಚಿಹ್ನೆ ಅಳಿಸಿ, ನೆರಳು ಅಂತ ನಿನ್ನ ಕೈಲೇ ಬರಿ. ಅಕ್ಷರ ಸೊಟ್ಟಾದ್ರ ಆಗಲಿ. ಅವರು ನಂಬೂದಿಲ್ಲ ಅಂದ್ರ ನನ್ನ ಹೆಸರು ಹೇಳು, ಬೇಕಾದ್ರ ಬಂದು ಹೇಳ್ತೀನಿ. ನೋಡಿ ಬಾ ಅಂತ ಇನ್ನೊಬ್ಬರ ಮಗನ್ನ ಆ ಗುಡ್ಡಕ್ಕ ಕಳಿಸೂದು ಮಾತ್ರ ಬ್ಯಾಡ.

ನನ್ನ ಚಿಂತಿ ಮಾಡಬ್ಯಾಡ. ಮೊಳಕಾಲು ಸ್ವಲ್ಪ ಬಾತಾವ, ಅಷ್ಟೇ. ಬಾಜೂ ಮನಿ ಹಸನಬೀ ಬಂದು ಎಣ್ಣಿ ತಿಕ್ಕಿ ಹೋಗ್ತಾಳ. ನಡದಾಡಾಕ ಬಿಡ್ತಿಲ್ಲ, ಅದಕ್ಕ ಇಷ್ಟುದ್ದ ಬರಿಯಾಕ ಪುರಸೊತ್ತು ಸಿಕ್ಕೈತಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತಿ,
ಮುದಕಮ್ಮ

ತಾ. ಕ.: ಹಿಂದಿನ ಪತ್ರಗಳಾಗ, ಆದೆಪ್ಪ ಅನ್ನೋರು ರೇಶನ್ ಕಾರ್ಡ್ ಮಾಡಿಸಿಕೊಟ್ರು, ಆದೆಪ್ಪ ಅನ್ನೋರು ಜ್ವರದ ಗುಳಿಗಿ ತಂದುಕೊಟ್ರು ಅಂತ ಒಂದೊಂದು ಸಾಲು ಇರ್ತಿತ್ತು. ಈ ಸಲದ ಪತ್ರದಾಗ ಆ ಹೆಸರೇ ಇಲ್ಲ. ಹೆಸರು ಬಿಟ್ಟದ್ದು ನೋಡೇ ನನಗ ತಿಳೀತು. ಅಂಜಬ್ಯಾಡ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರ್ತಾರ, ನೀ ಇಲ್ಲಿಗೇ ಬಾ, ಅವನ್ನೂ ಕರಕೊಂಡು ಬಾ. ವಿರುಪಣ್ಣಗ ಹೇಳೀನಿ, ಅವ ಹೂಂ ಅಂದಾನ. ಆದೆಪ್ಪನ ಊರು ಯಾವುದು, ಮನ್ಯಾಗ ಹಿರಿಯರು ಯಾರ್ಯಾರು ಅದಾರ, ಬರದು ತಿಳಿಸು. ಮದವಿ ಮಾತು ನಾನ ಆಡ್ತೀನಿ.