ಒರಳುಕಲ್ಲಿನ ಕೆಳಗೆ ಇಡಬೇಕಾದ ಹಾಡು

ಬೆಟಗೇರಿ
30 ಫೆಬ್ರವರಿ 2189

ಇಂದುಮತಿ ಅಜ್ಜಿಯವರಿಗೆ, ನಿಮ್ಮಿಂದ ಆರನೆಯ ತಲೆಮಾರಿನ ಸುವ್ರತಾ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿ ಬರೆದಿಲ್ಲ. ನಾವು ಕ್ಯಾಲೆಂಡರ್ ತಿದ್ದುವಾಗ, ಪಾಪ ಎಂದು ಫೆಬ್ರವರಿಗೂ ಎರಡು ದಿನ ಕೊಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗೀಗ ಮೂವತ್ತೆಂಟು, ನನಗೆ ಅರವತ್ತೊಂದು. ಆದರೂ ಅಜ್ಜಿ ನೀವೇ, ಮಾಡುವುದೇನು.

ಈ ಕಾಗದ ‘ಹಿಂದಂಚೆ’ಯಲ್ಲಿ ಬರುತ್ತಿದೆ. ಹಿರಿಯರಿಗೆ, ಅವರು ಬದುಕಿದ್ದ ದಿನಗಳಿಗೇ ಕಾಗದ ಮುಟ್ಟಿಸುವ ಅಂಚೆ ಇದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಆಗಿಹೋಯಿತೆಂದು ಗೊತ್ತಿರುವುದನ್ನು ಬದಲಿಸಲು ಕೇಳಬಾರದು; ಏನಾಯಿತೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಕೇಳಬಹುದು. ನನ್ನ ಅರ್ಜಿಯನ್ನು ಗುಮಾಸ್ತರು ಮೂರು ಸಲ ಓದಿ, ತಲೆ ಕೆರೆದುಕೊಂಡು, ಕೊನೆಗೆ ನಕ್ಕು ಠಸ್ಸೆ ಒತ್ತಿದರು.

ನಿಮ್ಮ ಲೆಕ್ಕದಲ್ಲಿ ನಿನ್ನೆ ನಿಮಗೆ ನೋಟೀಸು ಬಂದಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ‘ಬುತ್ತಿ’ ಜಾಲತಾಣದಲ್ಲಿ ಊರೂರಿನ ಹೆಂಗಸರು ಬೀಸುವಾಗ, ರೊಟ್ಟಿ ಬಡಿಯುವಾಗ ಹೇಳಿದ ಸಾವಿರದ ನೂರು ಹಾಡುಗಳಿವೆ. ಅಲ್ಲಿ ನಿಮ್ಮದೊಂದೇ ಕಟ್ಟಳೆ. ನೆರೆಮನೆಯವರು ಪಲ್ಯ ಕೊಟ್ಟ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವುದುಂಟೆ? ಹಾಗೆಯೇ ಒಂದು ಹಾಡು ಒಯ್ದವರು ತಮ್ಮ ಮನೆಯದೊಂದು ಹಾಡು ಇಟ್ಟು ಹೋಗಬೇಕು. ಯಾರೋ ಉತ್ಸಾಹಿ ಕಟ್ಟಳೆ ಪಾಲಿಸುವ ಭರದಲ್ಲಿ ಸಿನಿಮಾ ಹಾಡೊಂದನ್ನು ಇಟ್ಟುಹೋದ. ಆ ಒಂದು ಹಾಡಿಗಾಗಿ, ಅದರ ಹಕ್ಕು ಹೊಂದಿದ್ದ ಧ್ವನಿಧಣಿ ಎಂಬ ಸಂಸ್ಥೆ ಇಡೀ ಬುತ್ತಿಯನ್ನೇ ಮುಚ್ಚಿಸಿತು. ನೆಗಡಿಯಾಯಿತೆಂದು ಮೂಗು ಕೊಯ್ದ ವೈದ್ಯ! ಆಮೇಲೆ ನೀವು ಹೆದರಿ ಎಲ್ಲವನ್ನೂ ಅಳಿಸಿಬಿಟ್ಟಿರಿ ಎಂದು ನಮ್ಮಮ್ಮ ಹೇಳುತ್ತಿದ್ದಳು. ಒಂದನ್ನು ಉಳಿಸಿರಬೇಕು ಎಂದು ಅವಳ ತಂಗಿ. ಇಬ್ಬರೂ ಕಣ್ಣಾರೆ ಕಂಡವರಲ್ಲ.

ಈಗ ನಮ್ಮ ಕಾಲದ ಪಾಡು ಕೇಳಿ. ಪ್ರತಿ ಓಣಿಯ ಮೂಲೆಯಲ್ಲೂ ಒಂದು ‘ಕಿವಿಕಂಬ’ವಿದೆ. ಧ್ವನಿಧಣಿಯ ಪಟ್ಟಿಯಲ್ಲಿರುವ ಹಾಡನ್ನು ಅಪ್ಪಣೆಯಿಲ್ಲದೆ ಯಾರಾದರೂ ಗುನುಗಿದರೆ ಅದಕ್ಕೆ ಕೇಳಿಸುತ್ತದೆ, ಆ ಮನೆಯ ಒಲೆ ಆರುತ್ತದೆ. ನಮ್ಮ ರೊಟ್ಟಿ ಹಾಡು, ನೀವು ನಿಮ್ಮ ಅಡುಗೆಮನೆಯಲ್ಲೇ ದಾಖಲಿಸಿದ ಹಾಡು, ಈಗ ಅವರ ಪಟ್ಟಿಯಲ್ಲಿದೆ. ಬುತ್ತಿ ಮುಚ್ಚಿದ ಹತ್ತು ವರ್ಷಕ್ಕೆ ಅದನ್ನು ತಮ್ಮದೇ ರಚನೆಯೆಂದು ಬರೆಸಿಕೊಂಡರಂತೆ. ಹೀಗಾಗಿ ನಮ್ಮ ಓಣಿಯಲ್ಲಿ ಅರೆಬೆಂದ ರೊಟ್ಟಿಯೇ ಗತಿ. ಬಾಯಿ ಮುಚ್ಚಿಕೊಂಡು ಬಡಿದರೂ ಸುಖವಿಲ್ಲ. “ಹಾಡಿಲ್ಲದ ಬಡದ್ರ ರೊಟ್ಟಿಗೂ ಸಿಟ್ಟ ಬರ್ತೈತಿ, ಉಬ್ಬಾಂಗಿಲ್ಲ” ಎನ್ನುತ್ತಾಳೆ ಪಕ್ಕದ ಮನೆಯ ರಜಿಯಾಬಿ. ಅವಳ ಮಾತು ಸುಳ್ಳಲ್ಲ, ನಾನು ತಿಂದು ನೋಡಿದ್ದೇನೆ.

ಹೋದ ತಿಂಗಳು ರಜಿಯಾಬಿಯ ಮೊಮ್ಮಗಳ ಮದುವೆಗೆ ಹನ್ನೆರಡು ಜನ ರೊಟ್ಟಿಗೆ ಕುಳಿತೆವು, ಪರೀಕ್ಷೆಗೆ ಕುಳಿತವರಂತೆ ಗಪ್‌ಚುಪ್. ಮನಸ್ಸಿನಲ್ಲೇ ಹಾಡು ನಡೆದಿತ್ತು. ‘ಬೆಂಕಿ ಕೊಟ್ಟ ನೆರಿಮನಿಯಾಕಿ ತಣ್ಣಗಿರಲಿ’ ಎಂಬ ಮೂರನೆಯ ಸಾಲು ಬರುತ್ತಲೇ ನಾನು ರೂಢಿಯಂತೆ “ಏ ಇಂದೂ, ರೊಟ್ಟಿ ಹೊತ್ತೇತಿ ನೋಡ!” ಎಂದು ಕೂಗಿಬಿಟ್ಟೆ. ನಮ್ಮ ಮನೆಯಲ್ಲಿ ಆ ಸಾಲಾದ ಮೇಲೆ ಹೀಗೆ ಕೂಗಿ, ನಕ್ಕು, ಅದೇ ಸಾಲನ್ನು ಇನ್ನೊಮ್ಮೆ ಹಾಡುವುದು ನಿಮ್ಮ ಕಾಲದಿಂದ ಬಂದ ಪದ್ಧತಿ. ಎಲ್ಲರೂ ಒಲೆಗಳನ್ನು ನೋಡಿದೆವು. ಒಂದೂ ಆರಲಿಲ್ಲ. ಕೂಗು ಅವರ ಪಟ್ಟಿಯಲ್ಲಿಲ್ಲ! ಆದರೆ ಮೂರನೆಯ ಸಾಲು ಮಾತ್ರ ಅವರ ಹಾಡಿನಲ್ಲೂ ಎರಡು ಸಲ ಬರುತ್ತದೆ. ಉಳಿದ ಸಾಲುಗಳೆಲ್ಲ ಒಂದೊಂದೇ ಸಲ.

ನಿಮಗೆ ಅರ್ಥವಾಗಿರಬೇಕು. ನೀವು ದಾಖಲಿಸಿದ ದಿನ ನಿಜವಾಗಿಯೂ ರೊಟ್ಟಿ ಹೊತ್ತಿತು, ನಿಮ್ಮ ಅತ್ತೆ ಕೂಗಿದರು, ಹಾಡು ತಪ್ಪಿತು, ಆ ಸಾಲನ್ನು ಮತ್ತೆ ಎತ್ತಿಕೊಂಡಿರಿ. ಕದ್ದವರು ಕೂಗನ್ನು ಒರೆಸಿದರು, ಎರಡನೆಯ ಸಲದ್ದನ್ನು ಒರೆಸಲು ಮರೆತರು. ನ್ಯಾಯಾಲಯದಲ್ಲಿ ಇದನ್ನೇ ಹೇಳಿದೆವು. ಕೂಗನ್ನು ನಮ್ಮ ಮನೆಯವರೇ ಆಮೇಲೆ ಸೇರಿಸಿಕೊಂಡರು ಎಂದು ಅವರ ವಕೀಲರು. ಮೊದಲ ಧ್ವನಿಮುದ್ರಣ ತನ್ನಿ, ಗುರುವಾರದವರೆಗೆ ಸಮಯ ಎಂದರು ನ್ಯಾಯಾಧೀಶರು. ಅದು ಸಿಗದಿದ್ದರೆ ಹಾಡು ಶಾಶ್ವತವಾಗಿ ಅವರದು. ನನಗೆ ನಗು ಬಂದಷ್ಟೇ ಹೆದರಿಕೆಯೂ ಆಗಿದೆ ಅಜ್ಜಿ. ನನ್ನ ಮೊಮ್ಮಗಳಿಗೆ ಎರಡು ವರ್ಷ, ಅವಳು ಈ ಹಾಡನ್ನು ಇನ್ನೂ ಒಮ್ಮೆಯೂ ಕೇಳಿಲ್ಲ.

ನಿಮ್ಮ ಮನೆಯಲ್ಲಿ ಈ ವಾರ ಹೊಸ ನೆಲಗಲ್ಲು ಹಾಸುತ್ತಿದ್ದಾರಲ್ಲವೆ? ಒರಳುಕಲ್ಲು ಅಂಗಳದಲ್ಲಿದೆ, ಶನಿವಾರ ಗೌಂಡಿ ಅದನ್ನು ಅಡುಗೆಮನೆಯಲ್ಲಿ ಕೂರಿಸುತ್ತಾನೆ. ಈಗ ನಾವಿರುವುದೂ ಅದೇ ಮನೆಯಲ್ಲಿ; ಅಂದಿನಿಂದ ಇಂದಿನವರೆಗೆ ಅದನ್ನು ಯಾರೂ ಕದಲಿಸಿಲ್ಲ. ಅದರ ಕೆಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಗುಮಾಸ್ತರು ನಕ್ಕದ್ದು ಇದಕ್ಕೇ.

ಉಳಿದದ್ದನ್ನೆಲ್ಲ ಬೇಕಾದರೆ ಅಳಿಸಿಬಿಡಿ; ಬೇಡವೆನ್ನುವ ಅಧಿಕಾರ ನನಗಿಲ್ಲ. ಆ ಒಂದು ಹಾಡನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಒರಳು ಕೂರಿಸಲು ತೋಡಿದ ಗುಣಿಯಲ್ಲಿ ಇಡಿಸಿ. ಜೊತೆಗೆ ಆ ನೋಟೀಸನ್ನೂ ಮಡಚಿ ಇಡಿ. ಅದರಲ್ಲಿ ಬುತ್ತಿಯ ಅಷ್ಟೂ ಹಾಡುಗಳ ಪಟ್ಟಿ, ತಾರೀಖು ಸಮೇತ ಇದೆಯಂತೆ. ಅವರ ಸಹಿಯೇ ನಮ್ಮ ಸಾಕ್ಷಿ! ಪೆನ್‌ಡ್ರೈವ್ ಕೆಟ್ಟೀತೆಂಬ ಚಿಂತೆ ಬೇಡ. ಸತ್ತ ಪೆನ್‌ಡ್ರೈವಿನಿಂದಲೂ ಧ್ವನಿ ಹೊರಡಿಸುವ ‘ಕೆದಕು’ ಎಂಬ ಯಂತ್ರ ನಮ್ಮಲ್ಲಿದೆ. ಧ್ವನಿಯನ್ನು ಚೆಂದ ಮಾಡಲು ಮಾತ್ರ ಹೋಗಬೇಡಿ. ಅತ್ತೆಯ ಕೂಗು ಇದ್ದ ಹಾಗೆಯೇ ಇರಲಿ.

ಹೊರಗೆ ರಜಿಯಾಬಿ ಮತ್ತು ಅವಳ ಮೂವರು ಸೊಸೆಯಂದಿರು ಹಾರೆ ಹಿಡಿದು ನಿಂತಿದ್ದಾರೆ. ಈ ಕಾಗದ ಅಂಚೆಗೆ ಬಿದ್ದ ಕೂಡಲೇ ಒರಳನ್ನು ಎತ್ತುತ್ತೇವೆ. ಇದರ ಹಿಂಬದಿಯಲ್ಲಿ ನನ್ನ ಮಗಳು ಕಟ್ಟಿದ, ಯಾರ ಪಟ್ಟಿಯಲ್ಲೂ ಇಲ್ಲದ ಹಾಡೊಂದನ್ನು ಬರೆದಿದ್ದೇನೆ. ಅದು ನಿಮಗೆ. ಈಗ ಡಬ್ಬಿ ನಿಮ್ಮ ಮನೆಯಲ್ಲಿದೆ ಅಜ್ಜಿ, ಬರಿದು ಕಳಿಸಬೇಡಿ.

ನಿಮ್ಮ
ಸುವ್ರತಾ