ನೀರನ್ನು ನಿಲ್ಲಗೊಡದ ಮನೆ

ಮೂರನೇ ಮಲ್ಪೆ
ಎರಡನೇ ಆಟಿಯ ಇಪ್ಪತ್ತೊಂದನೇ ದಿನ, ೨೧೯೧

ನಮಗಿಂತ ಬಹಳ ಹಿಂದಿನ ಕಾಲದಲ್ಲಿ ಮನೆಯಲ್ಲಿ ಹವಳದ ತೊಟ್ಟಿ ಇಡಲು ಹೊರಟಿರುವ, ಹೆಸರು ಗೊತ್ತಿಲ್ಲದ ನಿಮಗೆ,

ಮೇಲಿನ ತಾರೀಕು ನೋಡಿ ನಗಬೇಡಿ. ಮಳೆಗಾಲ ಉದ್ದವಾಗುತ್ತ ಹೋಗಿ, ಆಟಿ ತಿಂಗಳು ಒಂದೇ ಸಲಕ್ಕೆ ಮುಗಿಯದೆ, ನಮ್ಮ ಹಿರಿಯರು ಅದನ್ನು ಎರಡು ಸಲ ಎಣಿಸಲು ತೊಡಗಿ ಬಹಳ ಕಾಲವಾಯಿತು. ಊರಿನ ಕಥೆಯೂ ಹಾಗೆಯೇ. ಕಡಲು ಏರಿ ಬಂದಾಗಲೆಲ್ಲ ಮಲ್ಪೆ ಗುಡ್ಡ ಹತ್ತಿತು, ನಾವಿರುವುದು ಮೂರನೆಯದರಲ್ಲಿ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಹೇಳುವ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ವಾರಿಜಾ ಮೆಂಡನ್. ಮಕ್ಕಳಿಗೆ ಈಜು ಕಲಿಸುವುದು ನನ್ನ ಕೆಲಸ. ಬೀದಿಯವರೆಗೆ ಕಡಲು ಬರುವ ಊರಿನಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವುದು ಅದನ್ನೇ. ನಮ್ಮ ಕಡಲಿನಲ್ಲಿ ಈಗ ಹವಳ ಇಲ್ಲ. ನೀರು ಬಿಸಿಯಾಗಿ, ಹುಳಿಯಾಗಿ, ಬಂಡೆಗಳೆಲ್ಲ ಬೋಳಾಗಿವೆ. ಉಳಿದ ಹವಳವೆಲ್ಲ ಮನೆಗಳೊಳಗಿನ ಕಡಲಗೂಡುಗಳಲ್ಲಿದೆ. ನೀವು ಗಾಜಿನ ತೊಟ್ಟಿ ಎನ್ನುವುದನ್ನೇ ನಾವು ಹಾಗೆ ಕರೆಯುತ್ತೇವೆ. ನೀವು ಬಾಲ್ಕನಿಯಲ್ಲಿ ಹೂವಿನ ಕುಂಡ ಇಡುವ ಹಾಗೆ ನಮ್ಮ ಅಜ್ಜಿಯಂದಿರು ಕಡಲಗೂಡು ಇಟ್ಟರು, ಒಂದು ಕೊಂಬೆ ಮುರಿದು ಮಗಳಿಗೆ, ಮತ್ತೊಂದು ಮುರಿದು ಸೊಸೆಗೆ ಕೊಟ್ಟರು. ಮುರಿದ ಕೊಂಬೆಯನ್ನು ಯಾವ ಕಲ್ಲಿಗೆ ಅಂಟಿಸಿದರೂ ಅದು ಅಲ್ಲಿಯೇ ಮತ್ತೆ ಬೆಳೆಯುತ್ತದೆ. ನನಗೆ ಬಂದದ್ದು ಗುಲಾಬಿ ಚಿಕ್ಕಮ್ಮನ ಮನೆಯಿಂದ, ನೇರಳೆ ತುದಿಯ, ಅಂಗೈ ಅಗಲದ ಒಂದು ಕೊಂಬೆ ಹವಳ.

ಅದು ಬಂದ ಕೆಲವೇ ದಿನಗಳಲ್ಲಿ ಕೆಟ್ಟಿತು. ಕಡಲಗೂಡಿನ ಒಂದು ಮೂಲೆಯಲ್ಲಿ ದೊಡ್ಡ ಪಂಪೊಂದು ಇತ್ತು. ನೀರು ಜೋರಾಗಿ ಓಡಿದಷ್ಟೂ ಒಳ್ಳೆಯದೆಂದು ಅದನ್ನು ನೇರವಾಗಿ ಹವಳದ ಕಡೆಗೇ ತಿರುಗಿಸಿದ್ದೆವು. ಪಂಪಿಗೆ ಮುಖ ಕೊಟ್ಟ ಭಾಗದಲ್ಲಿ ಮಾಂಸ ಸುಲಿದು ಬಿಳಿಯ ಎಲುಬು ಕಂಡಿತು. ಹಿಂಬದಿಯ ಕಲ್ಲುಗಳ ಸಂದಿಯಲ್ಲಿ ನೀರು ಅಲ್ಲಾಡದೆ ಕೊಳೆ ತುಂಬಿ, ಕೈ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ. ಒಂದೇ ತೊಟ್ಟಿಯಲ್ಲಿ ಒಂದು ಕಡೆ ಬಿರುಗಾಳಿ, ಇನ್ನೊಂದು ಕಡೆ ಚರಂಡಿ.

ಆ ವಾರವೇ ಕಡಲಪಾಲನಾ ಮಂಡಳಿಯಿಂದ ಡೆನ್ಜಿಲ್ ಬಂದ. ಹವಳ ಇರುವ ಮನೆಗಳನ್ನು ನೋಡಿಕೊಂಡು ಹೋಗುವುದು ಅವನ ನೌಕರಿ. ಕೆಟ್ಟವನಲ್ಲ, ಚಿಕ್ಕವನಿದ್ದಾಗ ನನ್ನ ಬಳಿಯೇ ಈಜು ಕಲಿತವನು. ಗಾಜಿಗೆ ಮುಖ ಹಚ್ಚಿ ನೋಡಿ ಎದ್ದು ನಿಂತ.

"ಟೀಚರ್, ಇದು ಹೋಗ್ತದೆ. ಆರು ತಿಂಗಳು ಬಿಟ್ಟು ಪುನಃ ಬರ್ತೇನೆ. ಹೀಗೇ ಇದ್ರೆ ಭವನಕ್ಕೆ ತಕೊಂಡು ಹೋಗ್ಬೇಕಾಗ್ತದೆ."

ಭವನ ಎಂದರೆ ಹವಳಭವನ. ಬಂದರಿನ ಮೇಲುಗಡೆ ಮಂಡಳಿ ಕಟ್ಟಿಸಿದ ಒಂದೇ ಒಂದು ಮಹಾತೊಟ್ಟಿ. ಮನೆಗಳಲ್ಲಿ ಸೊರಗಿದ ಹವಳವನ್ನೆಲ್ಲ ಅಲ್ಲಿಗೆ ಸೇರಿಸಬೇಕೆಂದು ಆದೇಶ. ಅದಕ್ಕೂ ಮೊದಲು ದಕ್ಷಿಣದ ಬಂದರಿನಲ್ಲಿ ಇಂಥದ್ದೇ ಭವನವಿತ್ತು. ಒಂದು ಬೆಳಿಗ್ಗೆ ಅದರ ಯಂತ್ರ ನಿಂತಿತು, ಸಂಜೆಯೊಳಗೆ ಆ ಊರಿನ ಹವಳವೆಲ್ಲ ಕೊಳೆತು ಹೋಯಿತು. ಅದರಿಂದ ಮಂಡಳಿ ಕಲಿತ ಪಾಠ, ಇನ್ನೂ ದೊಡ್ಡ ಭವನ ಕಟ್ಟಬೇಕು ಎಂಬುದು.

"ಕೊಟ್ಟುಬಿಡು ಮಾರಾಯ್ತಿ," ಎಂದರು ನನ್ನ ಗಂಡ ಉಮಾನಾಥ. "ನಮ್ಮ ಕೈಯಲ್ಲಿ ಸಾಯೂದು ಬೇಡ."

"ಸಾಯೂದಿಲ್ಲ," ಎಂದೆ. "ಅವರ ಕೈಗೆ ಕೊಡೂದೂ ಇಲ್ಲ."

ಹೇಳಿದ್ದೇನೋ ಹೇಳಿದೆ, ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಮಾರನೆಯ ದಿನ ಕಲ್ಲುಗಳನ್ನೆಲ್ಲ ಹೊರಗೆ ತೆಗೆದು ಮತ್ತೆ ಜೋಡಿಸಿದೆವು. ಹಿಂಬದಿಯ ಗಾಜಿಗೆ ಒರಗಿಸದೆ, ಸುತ್ತಲೂ ನೀರು ಸುಳಿಯುವಷ್ಟು ಜಾಗ ಬಿಟ್ಟು, ಅಡಿಯಲ್ಲೂ ಕಿಂಡಿ ಇರುವಂತೆ ಇಟ್ಟೆವು. ದೊಡ್ಡ ಪಂಪನ್ನು ಕಿತ್ತು ಎರಡು ಸಣ್ಣವನ್ನು ಎದುರುಬದುರು ಗೋಡೆಗೆ ಕೂರಿಸಿದೆವು. ಒಂದು ಓಡುವಾಗ ಇನ್ನೊಂದು ಸುಮ್ಮನಿರುತ್ತದೆ, ಮತ್ತೆ ಇದು ನಿಂತು ಅದು ಓಡುತ್ತದೆ. ಒಂದರ ನೀರು ಹಿಂದಿರುಗುವಾಗ ಇನ್ನೊಂದರ ನೀರು ಎದುರು ಬಂದು ನಡುವೆ ಕಲಸಿಕೊಳ್ಳುತ್ತದೆ. ಒಣಮೀನಿನ ಪುಡಿಯನ್ನು ಚಿಟಿಕೆಯಷ್ಟು ಹಾಕಿ ಅದು ಎಲ್ಲಿ ತಿರುಗುತ್ತದೆ, ಎಲ್ಲಿ ತಂಗುತ್ತದೆ ಎಂದು ನೋಡುತ್ತ ಕೂತೆವು. ತಂಗಿದಲ್ಲಿ ಕಲ್ಲನ್ನು ಸರಿಸಿದೆವು. ಕೊಡು ಎಂದಿದ್ದ ಉಮಾನಾಥರೇ ಮಂಡಿಯೂರಿ, "ಅಲ್ಲಿ, ಅಲ್ಲಿ, ಆ ಮೂಲೆಯಲ್ಲಿ ನಿಂತಿತು ನೋಡು," ಎಂದು ಕೂಗತೊಡಗಿದರು. ಹವಳ ನಡೆಯುವ ಪ್ರಾಣಿಯಲ್ಲ. ಊಟ ತರುವುದು, ಕೊಳೆ ಒಯ್ಯುವುದು, ಉಸಿರು ಕೊಡುವುದು ಎಲ್ಲ ನೀರಿನ ಕೆಲಸ. ಆ ಕೆಲಸ ತಳ್ಳುವುದರಿಂದ ಆಗುವುದಿಲ್ಲ, ತೂಗುವುದರಿಂದ ಆಗುತ್ತದೆ. ಹವಳದ ಸಣ್ಣ ಸಣ್ಣ ತೋಳುಗಳು ಎರಡೂ ಕಡೆಗೆ ಬಾಗಿ ಏಳುವುದನ್ನು ಕಂಡ ದಿನ ನಮಗೆ ಅದು ತಿಳಿಯಿತು.

ಆದರೆ ನಮ್ಮಲ್ಲಿ ಪಾಲುಕರೆಂಟು. ಮನೆಗೆ ಇಷ್ಟು ಎಂದು ಹಂಚಿದ ವಿದ್ಯುತ್ತು ಮಧ್ಯಾಹ್ನದ ಹೊತ್ತಿಗೆ ನಿಂತರೆ ಮತ್ತೆ ಬರುವುದು ಸಂಜೆಗೆ. ಅಷ್ಟು ಹೊತ್ತು ನಿಂತ ನೀರಿನಲ್ಲಿ ಹವಳ ಉಸಿರುಗಟ್ಟುತ್ತದೆ. ಅದಕ್ಕೆ ಕಡಲಗೂಡಿನ ಮೇಲೆ ಒಂದು ಡ್ರಮ್ ಕೂರಿಸಿದೆವು. ಅಡಿಯಲ್ಲಿರುವ ಕೆಳತೊಟ್ಟಿಯ ನೀರನ್ನು ಕೈಪಂಪಿನಿಂದ ಡ್ರಮ್ಮಿಗೆ ಹತ್ತಿಸಬೇಕು. ಡ್ರಮ್ ತುಂಬಿದ ಕೂಡಲೇ ಅದರೊಳಗಿನ ಬಗ್ಗಿದ ಪೈಪು ಅಷ್ಟೂ ನೀರನ್ನು ಒಂದೇ ಉಸಿರಿಗೆ ಕೆಳಗೆ ಸುರಿಯುತ್ತದೆ, ತೆರೆ ಬಂದ ಹಾಗೆ. ಹೆಚ್ಚಾದ ನೀರು ಅಂಚಿನ ಪೈಪಿನಿಂದ ಮತ್ತೆ ಕೆಳತೊಟ್ಟಿಗೆ ಇಳಿಯುತ್ತದೆ.

ಮೊದಲ ತೆರೆ ಬಂದೇ ಬಂತು. ಡ್ರಮ್ ದೊಡ್ಡದು, ಅಂಚಿನ ಪೈಪು ಸಪೂರ. ಕಡಲಗೂಡು ತುಂಬಿ, ಉಕ್ಕಿ, ನಮ್ಮ ಚಾವಡಿಯೆಲ್ಲ ಉಪ್ಪುನೀರು. ನೆಲ ಒರೆಸಿ ಮುಗಿಯುವ ಮೊದಲೇ ಬಾಗಿಲು ಬಡಿದರು. ನಮ್ಮ ಕಟ್ಟಡದ ಕೆಳಗಿನ ಮಹಡಿಯ ಝೊಹರಾ, ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದಳು.

"ವಾರಿಜಕ್ಕ, ನಿಮ್ಮ ಕಡಲು ನನ್ನ ಸಾರಿಗೆ ಬಿತ್ತು!"

"ತಪ್ಪಾಯ್ತು ಝೊಹರಾ, ಒಳಗೆ ಬಾ."

"ಒಳಗೆ ಬಂದು ಎಂತ ಮಾಡೂದು? ಮಕ್ಕಳು ಎಂತ ಉಣ್ಣೂದು?"

ಬಂದಳು. ಬೈಯುತ್ತಲೇ ಬಂದವಳು ಕಡಲಗೂಡಿನ ಮುಂದೆ ಬಗ್ಗಿ ನೋಡಿದಳು. ನೇರಳೆ ತುದಿಗಳು ಆ ತೆರೆಗೆ ಇನ್ನೂ ತೂಗುತ್ತಿದ್ದವು. ಡೆನ್ಜಿಲ್ ಬಂದದ್ದು, ಹೇಳಿದ್ದು ಎಲ್ಲ ಹೇಳಿದೆ. ದಕ್ಷಿಣದ ಬಂದರಿನ ಹೆಸರು ಬಂದಾಗ ಅವಳು ಪಾತ್ರೆ ಕೆಳಗಿಟ್ಟಳು.

"ನನ್ನ ಉಮ್ಮನ ಹವಳ ಆ ಭವನದಲ್ಲಿತ್ತು," ಎಂದಳು. "ಜೋಪಾನ ಮಾಡ್ತೇವೆ ಅಂತ ಹೇಳಿ ಒಯ್ದದ್ದು. ಮತ್ತೆ ಒಬ್ಬರೂ ಬಂದು ಹೀಗಾಯ್ತು ಅಂತ ಸಹ ಹೇಳ್ಲಿಲ್ಲ. ಉಮ್ಮ ತುಂಬ ದಿನ ಖಾಲಿ ತೊಟ್ಟಿ ಒರೆಸ್ತಾ ಇದ್ರು." ನೇರಳೆ ತುದಿಯ ಕಡೆ ಬೆರಳು ತೋರಿಸಿ ಕೇಳಿದಳು, "ನನಗೊಂದು ಕೊಂಬೆ ಕೊಡ್ತೀರಾ?"

ಮಂಡಳಿಯ ಒಪ್ಪಿಗೆ ಇಲ್ಲದೆ ಹವಳ ಮುರಿದು ಹಂಚುವುದು ಅಪರಾಧವಾಗಿ ವರ್ಷಗಳಾಗಿವೆ. ನಾನು ಕತ್ತರಿ ತಂದೆ. ಕೊಂಬೆ ಕಟ್ಟೆಂದು ಮುರಿಯಿತು. ಅರ್ಧ ಸುಲಿದ ಜೀವವನ್ನು ಇನ್ನೂ ತುಂಡು ಮಾಡುವುದೇ? ಆದರೆ ಒಂದೇ ಕಡೆ ಇದ್ದರೆ ಒಂದೇ ಕೈಗೆ ಸಿಗುತ್ತದೆ. ಝೊಹರಾಳ ಮನೆಯಲ್ಲಿ ಬೇರೂರಿದ ಮೇಲೆ ಅವಳ ಎದುರುಮನೆಗೆ ಕೊಟ್ಟೆವು, ಅಲ್ಲಿಂದ ಮಹಡಿ ಮಹಡಿಗೆ. ಪ್ರತಿ ಮನೆಗೂ ಮೊದಲು ಎದುರುಬದುರು ಪಂಪು, ಸಣ್ಣ ಡ್ರಮ್, ಅಗಲ ಪೈಪು, ಆಮೇಲೆ ಕೊಂಬೆ.

ಡೆನ್ಜಿಲ್ ಹೇಳಿದ ಹಾಗೆ ಬಂದ, ಜೊತೆಗೆ ಹವಳ ಒಯ್ಯುವ ಪೆಟ್ಟಿಗೆ, ಮೇಲಧಿಕಾರಿಯೊಬ್ಬರು. ಬೇಕೆಂದೇ ಕರೆಂಟು ಇಲ್ಲದ ಹೊತ್ತು ನೋಡಿ ಬಂದಿದ್ದರು. ಉಮಾನಾಥರು ಕೈಪಂಪು ಒತ್ತುತ್ತಿದ್ದರು. ಡ್ರಮ್ ತುಂಬಿತು, ತೆರೆ ಇಳಿಯಿತು, ಹವಳದ ತೋಳುಗಳೆಲ್ಲ ಒಮ್ಮೆಗೇ ಬಾಗಿ ಎದ್ದವು. ಡೆನ್ಜಿಲ್ ಹತ್ತಿರ ಹೋಗಿ ನೋಡಿದ. ಬಿಳಿಯ ಎಲುಬಿನ ಅಂಚಿನಿಂದ ಹೊಸ ಮಾಂಸ ಹತ್ತುತ್ತಿತ್ತು.

"ಸರ್, ಇದು ಬದುಕಿದೆ," ಎಂದ.

"ಸೊರಗಿದೆ ಅಂತ ನೀವೇ ವರದಿ ಕೊಟ್ಟಿದ್ದೀರಲ್ಲ? ಆದೇಶ ಆಗಿದೆ. ತೆಗೀರಿ."

ನಾನು ಕಡಲಗೂಡಿಗೆ ಬೆನ್ನು ಕೊಟ್ಟು ನಿಂತೆ. "ನನ್ನನ್ನು ಸರಿಸಿ ತಕೊಂಡು ಹೋಗಿ," ಎಂದೆ.

ಬಾಗಿಲಲ್ಲಿ ಝೊಹರಾ ಇದ್ದಳು, ಅವಳ ಹಿಂದೆ ಮೆಟ್ಟಿಲು ತುಂಬ ಜನ. "ತಕೊಂಡು ಹೋಗಿ ಸಾರ್, ಬೇಡ ಹೇಳುವವರು ಯಾರು? ಆದ್ರೆ ಎಲ್ಲಿಂದ ಶುರು ಮಾಡ್ತೀರಿ? ಮೇಲಿಂದವಾ, ಕೆಳಗಿಂದವಾ? ಇದೇ ಹವಳ ನನ್ನ ಮನೆಯಲ್ಲುಂಟು. ಇವರ ಮನೆಯಲ್ಲುಂಟು. ಆಚೆ ಕಟ್ಟಡಕ್ಕೂ ಹೋಗಿಯಾಯ್ತು. ನಿಮ್ಮ ಪೆಟ್ಟಿಗೆ ಒಂದೇ ಉಂಟಲ್ಲ!"

ಅಧಿಕಾರಿ ಡೆನ್ಜಿಲ್‌ನ ಮುಖ ನೋಡಿದರು. ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ.

ನಮಗೆ ಶಿಕ್ಷೆ ಆಗಲಿಲ್ಲವೆಂದು ತಿಳಿಯಬೇಡಿ. ನಮ್ಮ ಕಟ್ಟಡದ ಪಾಲುಕರೆಂಟನ್ನು ಪೂರ್ತಿ ಕಡಿದುಹಾಕಿದರು. ಡೆನ್ಜಿಲ್‌ನನ್ನು ದೂರದ ಠಾಣೆಗೆ ವರ್ಗ ಮಾಡಿದರು. ಫ್ಯಾನಿಲ್ಲದ ಸೆಕೆಯಲ್ಲಿ, ಬೆವರು ಕಾಗದಕ್ಕೆ ತಾಗದಂತೆ ಮೊಣಕೈಗೆ ಬಟ್ಟೆ ಸುತ್ತಿ ಇದನ್ನು ಬರೆಯುತ್ತಿದ್ದೇನೆ. ಹಗಲೂ ರಾತ್ರಿಯೂ ಮನೆ ಮನೆಯಲ್ಲಿ ಕೈಪಂಪಿನ ಸದ್ದು. ನೀರು ತಣ್ಣಗಿರಲು ಒದ್ದೆ ಗೋಣಿ ಸುತ್ತುತ್ತೇವೆ. ಕೆಲವು ಕೊಂಬೆಗಳು ಸತ್ತವು. ಸತ್ತ ಮನೆಗೆ ಪಕ್ಕದ ಮನೆಯವರು ಮತ್ತೆ ಮುರಿದು ಕೊಟ್ಟರು. ಉಮಾನಾಥರ ಭುಜ ಊದಿದೆ, ಬಿಡು ಎಂದರೆ ನನ್ನ ಮೇಲೆ ರೇಗುತ್ತಾರೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮೀನು, ದೀಪ, ಬಣ್ಣ ಎಂದು ಯೋಚಿಸುವ ಮೊದಲು ನೀರು ಹೇಗೆ ಓಡಾಡಬೇಕೆಂದು ಯೋಚಿಸಿ. ಕರೆಂಟು ಹೋದಾಗ ಮೇಲಿನ ನೀರು ಕೆಳತೊಟ್ಟಿಗೆ ಇಳಿದು ಬರುತ್ತದೆ, ಅಲ್ಲಿ ಅದಕ್ಕೆ ಜಾಗ ಬಿಡಿ. ಹವಳ ಚಿಗುರಿದರೆ ಮುರಿಯಲು ಹೆದರಬೇಡಿ, ಕೇಳಿದವರಿಗೆ ಕೊಡಿ, ಕೇಳದವರಿಗೂ ಕೊಡಿ. ಎಲ್ಲವನ್ನೂ ಒಂದೇ ಕಡೆ ಇಟ್ಟು ಕಾಪಾಡುತ್ತೇವೆ ಎಂದು ಯಾರಾದರೂ ಬಂದರೆ, ಅವರು ಎಷ್ಟೇ ಒಳ್ಳೆಯ ಮಾತಾಡಿದರೂ, ಬಾಗಿಲಲ್ಲೇ ನಿಲ್ಲಿಸಿ.

ನಾಳೆ ಮಂಡಳಿಯ ಹೊಸ ತಂಡ ಬರುತ್ತದಂತೆ, ಈ ಸಲ ಪೆಟ್ಟಿಗೆಗಳನ್ನು ಲಾರಿಯಲ್ಲಿ ತುಂಬಿಕೊಂಡು. ಬರಲಿ. ಇವತ್ತು ಮಧ್ಯಾಹ್ನ ಗಂಗೊಳ್ಳಿಯ ಕಡೆಗೆ ಹೋಗುವ ದೋಣಿಯಲ್ಲಿ, ಐಸಿನ ನಡುವೆ ಒಂದು ಬಕೆಟ್ಟಿನಲ್ಲಿ ನಮ್ಮ ಹವಳದ ಕೊಂಬೆಗಳನ್ನು ಇಟ್ಟು ಕಳಿಸಿದ್ದೇವೆ. ಅಲೆಗೆ ದೋಣಿ ತೂಗುತ್ತಿರುವವರೆಗೆ ಅದರೊಳಗಿನ ನೀರಿಗೆ ಯಾವ ಪಂಪೂ ಬೇಡ.

ನಿಮ್ಮವಳೇ,
ವಾರಿಜಾ ಮೆಂಡನ್